ಎರಡು ಮೆಟ್ಟಿಲು ಕೆಳಗೆ

ನನ್ನ ಮೈದುನನಿಗೆ ‘ಬಿಳಿ ಮನೆ’ ಎಂದು ಅಡ್ಡಹೆಸರು. ಇಟ್ಟವಳು ನಾನೇ, ಕರೆಯುತ್ತಿದ್ದದ್ದು ಮನೆಯೊಳಗೆ ಮಾತ್ರ. ಹಗಲೆಲ್ಲ ಅಚ್ಚಿನ ಮನೆಯಲ್ಲಿ ಪುಸ್ತಕಕ್ಕೆ ರಟ್ಟು ಹಾಕುತ್ತಿದ್ದ. ಸಂಜೆ ಕೈಗೆ ಹತ್ತಿದ ಅಂಟು ತಿಕ್ಕಿ ತೊಳೆದು ಕೀಬೋರ್ಡಿನ ಮುಂದೆ ಕೂರುತ್ತಿದ್ದ. ಗುರು ಅಂತ ಯಾರೂ ಇಲ್ಲ, ಕಿವಿಗೆ ಬಿದ್ದದ್ದನ್ನು ಬೆರಳಿಗೆ ಇಳಿಸುವುದು. ಎಂಥ ಹಾಡಾದರೂ ನುಡಿಸುತ್ತಿದ್ದ. ಆದರೆ ಬೆರಳು ಓಡುತ್ತಿದ್ದದ್ದು ಬಿಳಿ ಕೀಲಿಗಳ, ಅಂದರೆ ಬಿಳಿ ಮನೆಗಳ ಮೇಲೆ ಮಾತ್ರ. ಕರಿ ಮನೆ ಕಂಡರೆ ಕಚ್ಚುವ ನಾಯಿ ಕಂಡ ಹಾಗೆ ಸುತ್ತಿಕೊಂಡು ಹೋಗುತ್ತಿದ್ದ.

ಹಾಡುವವರ ಶ್ರುತಿ ಒಬ್ಬೊಬ್ಬರದು ಒಂದೊಂದು. ಅದಕ್ಕೆ ಆ ಕೀಬೋರ್ಡ್ ಪೆಟ್ಟಿಗೆಯಲ್ಲಿ ಎರಡು ಗುಂಡಿ ಇದ್ದವು. ಒಂದನ್ನು ಒತ್ತಿದರೆ ಶ್ರುತಿ ಏರುತ್ತದೆ, ಇನ್ನೊಂದನ್ನು ಒತ್ತಿದರೆ ಇಳಿಯುತ್ತದೆ. ಬೆರಳು ಮಾತ್ರ ಇದ್ದಲ್ಲೇ ಇರಬಹುದು. ಎಷ್ಟು ಏರಿತು, ಎಷ್ಟು ಇಳಿಯಿತು ಎಂದು ಪುಟ್ಟ ಪರದೆಯಲ್ಲಿ ಅಂಕಿ ಮೂಡುತ್ತದೆ. ಅವನು ಅದಕ್ಕೆ ಏಣಿ ಅನ್ನುತ್ತಿದ್ದ.

“ಅತ್ತಿಗೆ, ಏಣಿ ವಿಷ್ಯ ಹೊರಗೆ ಬಿಡಬೇಡಿ. ಮಾನ ಹೋಗುತ್ತೆ.”

“ನಿನ್ನ ಮಾನ ಎರಡೇ ಗುಂಡೀಲಿ ನಿಂತಿದೆಯಲ್ಲೋ! ಅಂಗಿಗಾದ್ರೂ ಐದಿರುತ್ತೆ.”

ಒಂದು ದೊಡ್ಡ ವಾದ್ಯತಂಡದವರು ಅವನನ್ನು ಪರೀಕ್ಷೆಗೆ ಕರೆದರು. ಗೆದ್ದರೆ ಕಾಯಂ ಕೆಲಸ, ಅಂಟಿನ ಡಬ್ಬಿಗೆ ಕೈಮುಗಿಯಬಹುದು. ನನ್ನ ಯಜಮಾನರಿಗೆ ರಜೆ ಸಿಗಲಿಲ್ಲ, ಜೊತೆಗೆ ನಾನು ಹೋದೆ.

ಅವನು ಪೆಟ್ಟಿಗೆ ಹಚ್ಚಿ, ಹಾಡುವ ಹೆಂಗಸನ್ನು ಶ್ರುತಿ ಕೇಳಿ, ಏಣಿಯನ್ನು ಎರಡು ಮೆಟ್ಟಿಲು ಇಳಿಸಿ, ನೀರು ಕುಡಿಯಲು ಹೋದ. ಪೆಟ್ಟಿಗೆಯ ಮೇಲೆ ಧೂಳು ಕಂಡಿತು. ನನ್ನ ಕೈ ಸುಮ್ಮನಿರಬೇಕಲ್ಲ. ಸೆರಗಿನಿಂದ ಒರೆಸಿದೆ. ಏರಿಸುವ ಗುಂಡಿ ಒತ್ತಿಹೋಗಿ, ಪರದೆಯ ಅಂಕಿ ಸರಸರ ಬದಲಾಗಿ ಇಳಿಕೆಯ ಎರಡರಿಂದ ಏರಿಕೆಯ ನಾಲ್ಕಕ್ಕೆ ನಿಂತಿತು. ನನಗೆ ಅಕ್ಷರ ತಡವರಿಸಿದರೂ ಅಂಕಿ ಚೆನ್ನಾಗಿ ಬರುತ್ತದೆ. ಗೊತ್ತಾಯಿತು. ಅಷ್ಟರಲ್ಲಿ ಅವನು ಬಂದ, ಕೋಟು ಹಾಕಿದ್ದ ತಂಡದ ಮಾಲೀಕರೂ ಬಂದು ಕೂತರು. ನಾನು ಕೈ ಮಡಿಲಲ್ಲಿಟ್ಟುಕೊಂಡು ಬಾಯಿ ಮುಚ್ಚಿಕೊಂಡೆ.

ಹಾಡು ಶುರುವಾಯಿತು. ಎರಡನೇ ಸಾಲಿಗೆ ಆ ಹೆಂಗಸಿನ ದನಿ ಕೀರಲಾಯಿತು.

“ಏನ್ ಮೇಷ್ಟ್ರೇ, ನನ್ನನ್ನ ಅಟ್ಟ ಹತ್ತಿಸ್ತಿದ್ದೀರಾ?”

ಎಲ್ಲರೂ ನಕ್ಕರು. ಅವನು ಪರದೆ ನೋಡಿ ಬೆಚ್ಚಿ ಗುಂಡಿಗೆ ಕೈ ಹಾಕಿದ.

“ಗುಂಡಿ ಬಿಡಿ ಸ್ವಾಮಿ,” ಅಂದರು ಮಾಲೀಕರು. “ಕೈಯಲ್ಲೇ ಇಳಿಸಿ ನುಡಿಸಿ.”

ಕೈಯಲ್ಲಿ ಇಳಿಸಬೇಕಾದರೆ ಕರಿ ಮನೆ ಮುಟ್ಟಲೇಬೇಕು. ಅವನ ಬೆರಳು ಗಾಳಿಯಲ್ಲೇ ನಿಂತವು. ಆಗಲಾದರೂ ಎದ್ದು ‘ಒತ್ತಿದ್ದು ನಾನು’ ಅನ್ನಬೇಕಿತ್ತು. ಏಣಿಯ ಗುಟ್ಟು ಕಾಪಾಡುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಆ ಗುಟ್ಟು ಆಗಲೇ ಎಲ್ಲರ ಮುಂದೆ ಬಯಲಾಗಿ ಬಿದ್ದಿತ್ತು. ಅಷ್ಟು ಜನರ ಎದುರು ದಡ್ಡಿ ಅನ್ನಿಸಿಕೊಳ್ಳಲು ನನಗೆ ಅಂಜಿಕೆ, ಅಷ್ಟೇ.

ಕೆಲಸ ಕೈತಪ್ಪಿ ಮರಳುವಾಗ ಬಸ್ಸಿನಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, “ಗಾಬರೀಲಿ ನಾನೇ ಏನೋ ಒತ್ತಿಬಿಟ್ಟೆ ಅತ್ತಿಗೆ,” ಅಂದ.

“ಇರಬೌದು ಬಿಡು,” ಅಂದೆ.

ಆ ಮಾತು ನೆನೆದರೆ ಈಗಲೂ ಮುಖ ಎಲ್ಲಿಡಲಿ ಅನ್ನಿಸುತ್ತದೆ.

ರಟ್ಟು ಹಾಕುತ್ತಲೇ ಅವನ ತಲೆ ನರೆಯಿತು. ಬೇರೆ ತಂಡ ಕರೆದರೂ ಹೋಗಲಿಲ್ಲ. ಮನೆಯಲ್ಲಿ ನುಡಿಸುವಾಗಲೂ ಪ್ರತಿ ಹಾಡಿಗೆ ಮುಂಚೆ ಪರದೆಯನ್ನು ಮೂರು ಸಲ ನೋಡುವುದು. ಬಂದವರಿಗೆ ಆ ದಿನದ ಕಥೆಯನ್ನು ತಾನೇ ಹೇಳಿ ನಗಿಸುತ್ತಿದ್ದ. ನಾನೂ ನಗುತ್ತಿದ್ದೆ. ಯಜಮಾನರು ತೀರಿಕೊಂಡರು, ಅವರಿಗೂ ಹೇಳಿರಲಿಲ್ಲ.

ಹೋದ ವಾರ ಮೊಮ್ಮಕ್ಕಳ ಮುಂದೆ ಮತ್ತೆ ಶುರುಮಾಡಿದ. “ಈ ಕೈ ಇದೆಯಲ್ಲ, ಸಮಯಕ್ಕೆ ಸರಿಯಾಗಿ ಮೋಸ ಮಾಡ್ತು...”

“ಕೈ ಅಲ್ಲ ಕಣೋ. ನನ್ನ ಸೆರಗು. ಧೂಳು ಒರೆಸಿದೆ.”

ಮಕ್ಕಳು ತಮಾಷೆ ಅಂದುಕೊಂಡು ನಕ್ಕವು. ಅವನು ನಗಲಿಲ್ಲ, ಬೈಯಲೂ ಇಲ್ಲ. ಎರಡೂ ಕೈಯನ್ನು ಮುಂದೆ ಚಾಚಿ, ತಿರುಗಿಸಿ ತಿರುಗಿಸಿ ನೋಡಿಕೊಂಡ.

“ಇಷ್ಟು ವರ್ಷ ಈ ಕೈಗಳನ್ನ ನಂಬಲಿಲ್ವಲ್ಲ ಅತ್ತಿಗೆ ನಾನು,” ಅಂದ.

ನನ್ನ ಸೆರಗಿನ ತುದಿ ನನ್ನ ಮುಷ್ಟಿಯಲ್ಲೇ ಇತ್ತು.