ನಮ್ಮ ಓಣಿಯ ಜಂಗಿ ಲಾಟ್

ಅವರ ಬೆರಳ ತುದಿಗಳು ಯಾರೋ ಸುತ್ತಿಗೆಯಿಂದ ಮೆಲ್ಲಗೆ ಬಡಿದಂತೆ ಚಪ್ಪಟೆಯಾಗಿದ್ದವು. ಉಗುರುಗಳನ್ನು ಯಾವಾಗಲೂ ಒಂದೇ ಅಳತೆಗೆ ಕತ್ತರಿಸಿಕೊಂಡಿರುತ್ತಿದ್ದರು. ಕಟ್ಟೆಯ ಮೇಲೆ ಕೂತು ನಾವು ಏನಾದರೂ ಮಾತಾಡುತ್ತಿದ್ದರೆ ಆ ಬೆರಳುಗಳು ಮೊಣಕಾಲ ಮೇಲೆ ತಮ್ಮಷ್ಟಕ್ಕೆ ತಾವೇ ಆಡುತ್ತಿದ್ದವು. ನಾವು ಮಾತು ನಿಲ್ಲಿಸಿದರೆ ಅವೂ ನಿಲ್ಲುತ್ತಿದ್ದವು. ನಮ್ಮ ಮಾತನ್ನೆಲ್ಲ ಈ ಮನುಷ್ಯ ಎಲ್ಲೋ ಟೈಪ್ ಮಾಡಿಕೊಳ್ಳುತ್ತಿದ್ದಾರೆ ಅನ್ನಿಸಿ ಮೊದಲ ವಾರದಿಂದಲೇ ನನಗೆ ಅವರ ಮೇಲೆ ಗುಮಾನಿ.

ಸೈನ್ಯದಿಂದ ನಿವೃತ್ತರಾಗಿ, ಹೆಂಡತಿಯೊಂದಿಗೆ ಹುಬ್ಬಳ್ಳಿಯ ಗೋಪನಕೊಪ್ಪದ ನಮ್ಮ ಓಣಿಗೆ ಬಂದವರು ಅವರು. ಮೂಲ ಧಾರವಾಡದ ಹತ್ತಿರದ ಗರಗದವರು, ಮನೆಯಲ್ಲಿ ಅಪ್ಪನ ಕಾಲದ ಖಾದಿ ಮಗ್ಗವಿತ್ತಂತೆ. ಸುಬೇದಾರ ಎಂದು ಹೇಳಿಕೊಂಡಿದ್ದರಿಂದ ನಾನು ಸುಬೇದಾರ ಕಾಕಾ ಎಂದು ಕರೆಯುತ್ತಿದ್ದೆ, ಅವರ ಹೆಂಡತಿಗೆ ಕಾಕು ಅನ್ನುತ್ತಿದ್ದೆ. ಎಲ್ಲಿ ಕೆಲಸ ಮಾಡಿದಿರಿ ಎಂದು ಯಾರಾದರೂ ಕೇಳಿದರೆ ಅವರದು ಒಂದೇ ಉತ್ತರ: "ದಿಲ್ಲಿಯೊಳಗ, ಭೂಸೇನಾದ ಮುಖ್ಯಸ್ಥರ ಆಫೀಸಿನ್ಯಾಗ. ಎರಡೂವರಿ ವರ್ಷ."

ಆ 'ಎರಡೂವರೆ'ಯೇ ನನ್ನ ತಲೆ ಕೊರೆದದ್ದು. ಎರಡಲ್ಲ, ಮೂರಲ್ಲ. ಆಮೇಲೆ ಎಲ್ಲಿಗೆ ಹೋದಿರಿ ಅಂದರೆ ದೂರದ ಯಾವುದೋ ಡಿಪೊ ಎಂದು ಮಾತು ಮುಗಿಸುತ್ತಿದ್ದರು. ಮನೆಯ ಗೋಡೆಯ ಮೇಲೆ ಮುಖ್ಯಸ್ಥರ ಜೊತೆಗಿನ ಒಂದು ಫೋಟೋ ಇರಲಿಲ್ಲ. ಪದಕ ಇರಲಿಲ್ಲ. ಯುದ್ಧದ ಕತೆಯಂತೂ ಅವರ ಬಾಯಲ್ಲಿ ಬಂದದ್ದೇ ಇಲ್ಲ. ಬ್ರಿಟಿಷರ ಕಾಲದಲ್ಲಿ ಜನ ಸರಸೇನಾನಿಯನ್ನು ಜಂಗಿ ಲಾಟ್ ಸಾಹೇಬ ಎಂದು ಕರೆಯುತ್ತಿದ್ದರಂತೆ. ಇದನ್ನು ಕಾಕಾ ಅವರೇ ಯಾವತ್ತೋ ಹೇಳಿದ್ದರು. ನಮ್ಮ ಓಣಿಯವರು ಅದನ್ನೇ ಹಿಡಿದು, ಅವರು ಹಾಲು ತರಲು ಹೊರಟರೆ "ಜಂಗಿ ಲಾಟ್ ಹೊಂಟ್ರು ನೋಡ್ರಿ" ಎಂದು ನಗುತ್ತಿದ್ದರು.

ನಾನು ಹುಬ್ಬಳ್ಳಿಯ ಒಂದು ಪತ್ರಿಕೆಯ ವರದಿಗಾರ್ತಿ. ಸಂಶಯ ಪಡುವುದು ನನ್ನ ಕಸುಬು. ಮೂರೂ ಪಡೆಗಳಿಗೆ ಸೇರಿ ಒಬ್ಬ ಮುಖ್ಯಸ್ಥ ಎಂಬ ಹೊಸ ಹುದ್ದೆಯನ್ನು ಸರ್ಕಾರ ತಂದಾಗ, ಓದುಗರಿಗೆ ಅರ್ಥವಾಗುವಂತೆ ಅದರ ಹಿಂದುಮುಂದು ಬರೆಯಬೇಕೆಂದು ಸಂಪಾದಕರು ಹೇಳಿದರು. ಕಾಕಾ ನೆನಪಾದರು. ಲೇಖನಕ್ಕೆ ಲೇಖನವೂ ಆಗುತ್ತದೆ, ಇವರ ಬಣ್ಣವೂ ಗೊತ್ತಾಗುತ್ತದೆ ಅಂದುಕೊಂಡು ಒಂದು ಮುಂಜಾನೆ ಅವರ ಮನೆಗೆ ಹೋದೆ.

"ಬಾರವಾ ತಂಗಿ," ಎಂದು ಕುರ್ಚಿ ಎಳೆದರು. ಕಾಕು ಅವಲಕ್ಕಿ ತಂದಿಟ್ಟರು.

"ನಮ್ಮ ಕಡೆ ಹಳೇ ಶಾಸನದಾಗ ದಂಡನಾಯಕ ಅಂತ ಬರತೈತಲ್ಲ," ಎಂದು ಶುರು ಮಾಡಿದರು. "ಅಂವ ದಂಡೂ ನಡಸ್ತಿದ್ದ, ರಾಜ ಕೊಟ್ಟ ನಾಡೂ ಆಳ್ತಿದ್ದ. ಎಲ್ಲಾ ಒಬ್ಬನ ಕೈಯಾಗ. ಅಂಥಾವ ಮಗ್ಗಲದಾಗ ಇದ್ರ ರಾಜಗ ನಿದ್ದಿ ಹೆಂಗ ಬರಬೇಕು?"

"ಬ್ರಿಟಿಷರ ಕಾಲಕ್ಕ?"

"ವೈಸರಾಯ್ ಬಿಟ್ರ ಜಂಗಿ ಲಾಟನ ದೊಡ್ಡಾಂವ. ವೈಸರಾಯ್‌ನ ಮಂತ್ರಿಮಂಡಳದಾಗೂ ಕುಂಡ್ರತಿದ್ದ. ಸ್ವಾತಂತ್ರ್ಯ ಬಂದ ಮ್ಯಾಲೆ ನಮ್ಮವರು ಏನ ಮಾಡಿದ್ರು ಗೊತ್ತೈತೇನು? ಅವನ ದೊಡ್ಡ ಬಂಗಲೆ ಪ್ರಧಾನಮಂತ್ರಿಗೆ ಕೊಟ್ರು. ಪಡೆಗಳ ಸರ್ವೋಚ್ಚ ಅಧಿಕಾರ ರಾಷ್ಟ್ರಪತಿಗೆ ಕೊಟ್ರು. ಆಮ್ಯಾಲೆ ಸರಸೇನಾನಿ ಅನ್ನೋ ಹೆಸರನ್ನೂ ತಗದು, ಭೂಸೇನಾಕ್ಕ ಒಬ್ಬ, ನೌಕಾಪಡಿಗೆ ಒಬ್ಬ, ವಾಯುಪಡಿಗೆ ಒಬ್ಬ ಮುಖ್ಯಸ್ಥ ಅಂತ ಮಾಡಿದ್ರು. ಮೂರು ವರ್ಷ ಆಗಲಿ, ಇಲ್ಲಾ ಅರವತ್ತೆರಡು ತುಂಬಲಿ, ಯಾವುದು ಮದಲ ಬರತೈತೋ ಅವತ್ತ ಮನಿಗೆ. ಈಗ ಹೊಸದಾಗಿ ಬಂದಾರಲ್ಲ, ಅವರು ಮೂವರಿಗೂ ಹಿರಿಯರು ಖರೇ. ಆದ್ರ ಅವರ ಪಡೆಗಳಿಗೆ ಇವರು ನೇರ ಹುಕುಂ ಕೊಡಂಗಿಲ್ಲ."

"ಅಂದ್ರ ಸರ್ಕಾರಕ್ಕ ತನ್ನ ಸೈನ್ಯದ ಮ್ಯಾಲೇ ನಂಬಿಕಿ ಇಲ್ಲೇನ್ರಿ?"

"ನಂಬಿಕಿ ಐತಿ. ಸಂಶಯಾನೂ ಐತಿ. ಎರಡೂ ಇರಬೇಕು," ಎಂದರು.

ಎಲ್ಲ ಬರೆದುಕೊಂಡೆ. ಆದರೆ ಇದೆಲ್ಲ ಗ್ರಂಥಾಲಯದಲ್ಲೂ ಸಿಗುತ್ತದೆ ಎಂದು ಒಳಗೆ ಒಂದು ಹುಳ. ಏಳುವ ಮುಂಚೆ, ಏನೂ ತಿಳಿಯದವಳಂತೆ ಕೇಳಿದೆ: "ಕಾಕಾ, ನಿಮ್ಮ ಮುಖ್ಯಸ್ಥರ ಕಾರಿನ ಮ್ಯಾಲೆ ಐದು ಚುಕ್ಕಿ ಇದ್ದವಲ್ಲ?"

"ನಾಕು. ಐದು ಅಂದ್ರ ಫೀಲ್ಡ್ ಮಾರ್ಷಲ್." ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ನನ್ನ ಪರೀಕ್ಷಾ ಮಾಡಾಕತ್ತೀಯೇನವಾ?"

ಸಿಕ್ಕಿಬಿದ್ದಿದ್ದೆ. ಆದರೂ ಬಿಡಲಿಲ್ಲ. "ಒಂದು ಫೋಟೋ ಇದ್ರ ಕೊಡ್ರಿ, ಲೇಖನದ ಜೊತಿ ಹಾಕತೇವಿ."

"ಫೋಟೋ ಇಲ್ಲ. ನನ್ನ ಹೆಸರೂ ಬ್ಯಾಡ," ಎಂದು ಎದ್ದೇಬಿಟ್ಟರು.

ಆ ವಾರವೇ ಹುಬ್ಬಳ್ಳಿಯ ಪೇಟೆ ದುರ್ಗದಬೈಲ್‌ಗೆ ಹೋಗಿದ್ದೆ. ಅಲ್ಲಿ ಸೈನ್ಯದಲ್ಲಿ ಹವಾಲ್ದಾರರಾಗಿದ್ದ ಒಬ್ಬರು ಚೀಲಗಳ ಅಂಗಡಿ ಇಟ್ಟುಕೊಂಡಿದ್ದಾರೆ. ಅವರ ಮುಂದೆ ವಿಷಯ ತೆಗೆದೆ. ಅವರು ನಕ್ಕರು. "ಮುಖ್ಯಸ್ಥರ ಆಫೀಸಿನ್ಯಾಗ ಇದ್ದಾಂವ ಒಂದು ಫೋಟೋ ಇಲ್ಲದ ಬರತಾನೇನ್ರಿ ಬಾಯಾರ? ಸಾಹೇಬ್ರು ಹೋಗೂ ಮುಂದ ಚಪರಾಶಿ ಸುದ್ದಾ ಅವರ ಜೋಡಿ ನಿಂತು ಫೋಟೋ ತಗಸ್ಕೊಂಡಿರತಾನ. ಇಂವ ಏನೋ ಗಡಬಡ ಮಾಡಿ ಹೊರಗ ಬಿದ್ದಾಂವ, ಇಲ್ಲಾ ಹಸೀ ಸುಳ್ಳ."

ನನಗೆ ಬೇಕಾದದ್ದೇ ಸಿಕ್ಕಂತಾಯಿತು. ಲೇಖನದಲ್ಲಿ ಕಾಕಾ ಹೇಳಿದ್ದನ್ನು ಪುಸ್ತಕಗಳಿಂದ ಮತ್ತೆ ತಾಳೆ ನೋಡಿ ಬರೆದೆ. ಒಂದು ತಪ್ಪೂ ಸಿಗಲಿಲ್ಲ. ತಪ್ಪು ಸಿಗದೇ ಇದ್ದದ್ದೂ ನನಗೆ ಅನುಮಾನಕ್ಕೇ ಕಾರಣವಾಯಿತು.

ಮುಂದೆ ಒಂದು ವರ್ಷ ಆಗಸ್ಟ್ ಹೊತ್ತಿಗೆ ನಮ್ಮ ಓಣಿಯ ಪಕ್ಕದ ಶಾಲೆಯವರು ಸ್ವಾತಂತ್ರ್ಯ ದಿನಕ್ಕೆ ಧ್ವಜ ಹಾರಿಸಲು ಕಾಕಾ ಅವರನ್ನು ಕರೆದಿದ್ದರು. ಎರಡು ದಿನ ಮುಂಚೆ ಮುಖ್ಯೋಪಾಧ್ಯಾಯಿನಿ ನನಗೆ ಫೋನ್ ಮಾಡಿದರು. "ನೀವು ಪೇಪರಿನವರು, ಅದ ಓಣ್ಯಾಗ ಇರತೀರಿ. ಮಂದಿ ಏನೇನೋ ಅಂತಾರು. ಅವರು ಹೇಳೂದು ಖರೇ ಅಂತ ನಿಮಗ ಖಾತ್ರಿ ಐತೇನ್ರಿ?"

"ಖಾತ್ರಿ ಇಲ್ರಿ," ಎಂದೆ. ಸುಳ್ಳು ಹೇಳಿರಲಿಲ್ಲ. ಅಷ್ಟು ಸಾಕಾಯಿತು. ಧ್ವಜವನ್ನು ಊರಿನ ಒಬ್ಬ ಪುಢಾರಿ ಹಾರಿಸಿದರು. ಕಾಕಾ ಇಸ್ತ್ರಿ ಮಾಡಿದ ಬಿಳಿ ಖಾದಿ ಅಂಗಿ ತೊಟ್ಟು ಶಾಲೆಯ ಗೇಟಿನವರೆಗೆ ಹೋಗಿ, ಅಲ್ಲಿ ವಿಷಯ ತಿಳಿದು, ಮಕ್ಕಳ ಹಿಂದೆ ನಿಂತು ವಂದನೆ ಮಾಡಿ ಬಂದರಂತೆ.

ಸಂಜೆ ಕಾಕು ನಮ್ಮ ಬಾಗಿಲಿಗೆ ಬಂದರು. ಒಳಗೆ ಕರೆದರೂ ಬರಲಿಲ್ಲ.

"ನೀನ ಹಿಂಗ ಅಂದೇನು ತಂಗಿ?"

"ಕೇಳಿದ್ರು ಕಾಕು. ನನಗ ಗೊತ್ತಿಲ್ಲ ಅಂದೆ."

"ಗೊತ್ತಿಲ್ಲಂದ್ರ ಬಂದು ಕೇಳಬೇಕಿಲ್ಲ? ಎಷ್ಟು ಸರ್ತಿ ನಮ್ಮ ಮನ್ಯಾಗ ಚಾ ಕುಡದೀದಿ!"

ಆಮೇಲೆ ತಿಂಗಳುಗಟ್ಟಲೆ ಅವರ ಮನೆಯ ಮುಂದೆ ಹಾಯುವಾಗ ಗಾಡಿಯ ವೇಗ ಹೆಚ್ಚಿಸುತ್ತಿದ್ದೆ.

ಆ ಚಳಿಗಾಲದಲ್ಲಿ ಧಾರವಾಡದ ಒಂದು ಸಭಾಂಗಣದಲ್ಲಿ ನಿವೃತ್ತ ಬ್ರಿಗೇಡಿಯರ್ ಒಬ್ಬರ ಉಪನ್ಯಾಸದ ವರದಿಗೆ ಹೋಗಿದ್ದೆ. ಧಾರವಾಡದ ಹಳೆಯ ಮನೆತನದವರು, ದಿಲ್ಲಿಯಲ್ಲಿ ಮುಖ್ಯಸ್ಥರ ಕಚೇರಿಯಲ್ಲಿ ಇದ್ದವರು. ಮುಗಿದ ಮೇಲೆ ಅವರ ಹತ್ತಿರ ಹೋಗಿ, ಇಂಥವರೊಬ್ಬರು ತಾವೂ ಅಲ್ಲಿದ್ದೆ ಅನ್ನುತ್ತಾರೆ, ನಿಮಗೆ ಗೊತ್ತೇ ಎಂದು ಕೇಳಿದೆ. ಅವರ ಬಾಯಿಂದ 'ಇಲ್ಲ' ಅನ್ನಿಸಿಕೊಂಡರೆ ಗೇಟಿನಿಂದ ತಿರುಗಿ ಬಂದ ಆ ಬಿಳಿ ಅಂಗಿ ನನ್ನನ್ನು ಕಾಡುವುದು ತಪ್ಪುತ್ತದೆ ಎಂಬ ಆಸೆ ನನಗೆ.

ಬ್ರಿಗೇಡಿಯರ್ ಹೊಚ್ಚಿಕೊಂಡಿದ್ದ ಶಾಲನ್ನು ತೆಗೆದು ಕುರ್ಚಿಯ ಮೇಲೆ ಇಟ್ಟರು. "ಗರಗದವರು? ಟೈಪ್ ಮಾಡೋವರು? ಅವರು ಹುಬ್ಬಳ್ಳ್ಯಾಗ ಇದ್ದಾರೇನು?"

ಆಮೇಲೆ ಕೂತು ಹೇಳಿದರು. "ಆಗ ನಾ ಮೇಜರ್. ಮುಖ್ಯಸ್ಥರ ಭಾಷಣ ಬರಕೊಡೋದು ನನ್ನ ಕೆಲಸ. ಒಂದು ಭಾಷಣದಾಗ ಸರ್ಕಾರದ ಒಂದು ನಿರ್ಧಾರ ಸರಿ ಇಲ್ಲ ಅನ್ನೋ ಅರ್ಥ ಬರೋಹಂಗ ಒಂದು ಸಾಲು ಬರದಿದ್ದೆ. ಚಪ್ಪಾಳೆ ಬೀಳ್ತದ ಅಂತ ನನಗ ಹುಮ್ಮಸ್ಸು. ಟೈಪ್ ಆಗಿ ಬಂದಾಗ ಆ ಸಾಲಿನ ಜಾಗಾ ಖಾಲಿ! ಮುಖ್ಯಸ್ಥರು ಅವರನ್ನ ಕರದು, ಇಲ್ಲಿ ಯಾಕ ಖಾಲಿ ಬಿಟ್ಟೀ ಅಂತ ಕೇಳಿದ್ರು. ಇವರು ನೆಟ್ಟಗ ನಿಂತು ಹೇಳಿದ್ರು: ಸಾಹೇಬ, ಇದು ಮಂತ್ರಿಗಳು ಹೇಳೋ ಮಾತು, ತಾವು ಹೇಳೋದಲ್ಲ. ಬೇಕಂದ್ರ ಪೆನ್ನಿಲೆ ನೀವೇ ತುಂಬ್ರಿ, ನಾ ಟೈಪ್ ಮಾಡೂದಿಲ್ಲ."

"ಮುಖ್ಯಸ್ಥರು ಸಿಟ್ಟಾದ್ರೇನ್ರಿ?"

"ಇಲ್ಲ. ಹಂಗೇ ಇರಲಿ ಅಂದು, ಆ ಸಾಲು ಬಿಟ್ಟೇ ಭಾಷಣ ಮಾಡಿದ್ರು. ಸಿಟ್ಟು ಬಂದದ್ದು ನನಗ. ಎರಡು ವಾರದಾಗ ಅವರನ್ನ ದೂರದ ಡಿಪೊಕ್ಕ ವರ್ಗಾ ಮಾಡಿಸಿದೆ. ಮುಖ್ಯಸ್ಥರು ನಿವೃತ್ತಿ ಆಗೋ ಮುಂದ ಎಲ್ಲಾರೂ ಕೂಡಿ ಫೋಟೋ ತಗಸ್ಕೊಂಡ್ವಿ. ಅವರು ಅದರಾಗ ಇಲ್ಲ." ಶಾಲನ್ನು ಕೈಗೆ ತೆಗೆದುಕೊಂಡು, "ಅವರ ಮನಿ ತೋರಸ್ರಿ," ಎಂದರು.

ಮರುದಿನ ಬ್ರಿಗೇಡಿಯರ್ ಗೋಪನಕೊಪ್ಪಕ್ಕೆ ಬಂದರು. ನಾನು ಬಾಗಿಲು ತೋರಿಸಿ ಹೊರಗೇ ನಿಂತೆ. ಅವರಿಬ್ಬರೂ ಒಳಗೆ ಏನು ಮಾತಾಡಿದರೋ ನನಗೆ ಇವತ್ತಿಗೂ ಗೊತ್ತಿಲ್ಲ. ಒಂದು ತಾಸಿನ ಮೇಲೆ ಬ್ರಿಗೇಡಿಯರ್ ಕಣ್ಣೊರೆಸಿಕೊಳ್ಳುತ್ತ ಕಾರು ಹತ್ತಿದರು. ಆಮೇಲೆ ಕಾಕಾ ನನ್ನನ್ನು ಒಳಗೆ ಕರೆದರು.

"ತಪ್ಪಾತು ಕಾಕಾ," ಎಂದೆ.

"ಸಂಶಯ ಪಟ್ಟದ್ದು ತಪ್ಪಲ್ಲವಾ. ನಾನೂ ಆ ಆಫೀಸಿನ್ಯಾಗ ಕುಂತು ಅದನ್ನ ಮಾಡೀನಿ. ಅಷ್ಟು ದೊಡ್ಡ ಸಾಹೇಬರ ಮಾತಿನ ಮ್ಯಾಲೆ ಸಂಶಯ ಪಟ್ಟೆ. ಆದ್ರ ಅದನ್ನ ಅವರ ಕಾಗದದ ಮ್ಯಾಲೆನ ಖಾಲಿ ಬಿಟ್ಟು ತೋರಿಸಿದೆ, ಅವರ ಮುಂದ ನಿಂತು ಹೇಳಿದೆ. ಸರ್ಕಾರನೂ ಹಂಗ. ತನ್ನ ಸೇನಾಪತಿ ಮ್ಯಾಲೆ ಸಂಶಯ ಐತಿ ಅಂತ ಕಾಯದೇದಾಗ ಬರದು ಅವನ ಕೈಯಾಗ ಕೊಟ್ಟೈತಿ. ನೀ ಏನ ಮಾಡಿದಿ? ದುರ್ಗದಬೈಲ್‌ನ್ಯಾಗ ಹೇಳಿದಿ, ಸಾಲಿಯವರಿಗೆ ಹೇಳಿದಿ. ನನಗೊಬ್ಬಗ ಹೇಳಲಿಲ್ಲ."

ಅವರ ದನಿ ಏರಿರಲಿಲ್ಲ. ಅದಕ್ಕೇ ತಡೆದುಕೊಳ್ಳುವುದು ಕಷ್ಟವಾಯಿತು.

"ಇದನ್ನ ಪೇಪರಿನ್ಯಾಗ ಬರೀಲೇನ್ರಿ? ಮಂದಿಗೆ ಖರೇ ಗೊತ್ತಾಗಲಿ."

"ನಾ ಇರೂತನಕ ಬ್ಯಾಡ. ಆ ಮೇಜರಗೂ ಮೊಮ್ಮಕ್ಕಳು ಅದಾವು."

ಆಮೇಲೆ ಮೂರು ವರ್ಷ ನಾನು ಅವರ ಕಟ್ಟೆಯ ಖಾಯಂ ಗಿರಾಕಿಯಾದೆ. ನನ್ನ ಬರಹಗಳನ್ನು ಓದಿ, ಎಲ್ಲಿ ಒಬ್ಬರ ಮೇಲೆ ಆರೋಪವಿದೆಯೋ ಅಲ್ಲಿ ಪೆನ್ಸಿಲಿನಿಂದ ಗೆರೆ ಎಳೆದು ಕೇಳುತ್ತಿದ್ದರು: "ಇವರನ್ನ ಭೆಟ್ಟಿ ಆಗೀಯೇನು?" ಇಲ್ಲವೆಂದರೆ ಪೇಪರು ಮಡಚಿ ಇಡುತ್ತಿದ್ದರು. ಎರಡು ಸಲ ನಾನು ಅಚ್ಚಿಗೆ ಹೋಗಬೇಕಿದ್ದ ಸುದ್ದಿಯನ್ನು ತಡೆಹಿಡಿದು ಆ ಮನುಷ್ಯರ ಮನೆಗೆ ಹೋಗಿದ್ದೇನೆ. ಒಂದು ಸಲ ಸುದ್ದಿಯೇ ಸುಳ್ಳಾಗಿತ್ತು.

ಹೋದ ವರ್ಷ ಶ್ರಾವಣದಲ್ಲಿ, ಮಧ್ಯಾಹ್ನ ಊಟ ಮಾಡಿ ಅಡ್ಡಾದವರು ಮತ್ತೆ ಏಳಲಿಲ್ಲ. ಗರಗದ ಅವರ ಹೊಲದಲ್ಲೇ ಸಮಾಧಿಗೆ ಏರ್ಪಾಡಾಗಿತ್ತು. ನಮ್ಮ ಓಣಿಯಿಂದ ಒಂದು ಟೆಂಪೋ ತುಂಬ ಜನ ಬಂದಿದ್ದರು. ಅಲ್ಲಿಯೂ ಒಬ್ಬರು ನನ್ನ ಕಿವಿಯಲ್ಲಿ, "ಖರೇನ ಅಲ್ಲಿ ಇದ್ರೇನ್ರಿ ಇವರು?" ಎಂದು ಕೇಳಿದರು. ನಾನು ಮುಂದೆ ಹೋದೆ.

ಕಾಕು ಬಿಲ್ವಪತ್ರೆಯ ಬುಟ್ಟಿ ಹಿಡಿದು ನಿಂತಿದ್ದರು. ನನ್ನ ಕೈ ಹಿಡಿದು ಕೇಳಿದರು: "ಈಗರ ಪೂರಾ ನಂಬಿಕಿ ಬಂತೇನು ತಂಗಿ?"

ಹೌದು ಅಂದುಬಿಡಬಹುದಿತ್ತು. ಅಂಥ ಹೊತ್ತಿನಲ್ಲಿ ಯಾರಾದರೂ ಹಾಗೆಯೇ ಅನ್ನುತ್ತಾರೆ.

"ಬ್ರಿಗೇಡಿಯರ್ ಹೇಳಿದ್ದನ್ನ ನಂಬೇನಿ ಕಾಕು. ಆದ್ರ ಕಾಗದ ಅಂತೂ ನಾ ಯಾವದೂ ನೋಡಿಲ್ಲ."

ಅಷ್ಟು ಅಳುವಿನ ನಡುವೆಯೂ ಕಾಕು ನಕ್ಕುಬಿಟ್ಟರು. "ಆಕಿ ಹಿಂಗ ಅಂತಾಳ ಅಂತ ನಿನ್ನ ಕಾಕಾ ಮದಲ ಹೇಳಿದ್ರು," ಎಂದು ಬುಟ್ಟಿಯನ್ನು ನನ್ನ ಕಡೆ ಚಾಚಿದರು. ನಾನು ಒಂದು ಎಸಳು ಪತ್ರೆ ತೆಗೆದುಕೊಂಡು ಮುಂದೆ ಬಂದು ಕಾಕಾ ಅವರ ಎದೆಯ ಮೇಲಿಟ್ಟೆ.