ಕೆಚ್ಚುವವಳ ಮೇಲಿನ ದೀಪ

ಬನಹಟ್ಟಿಯ ಸಾವಿತ್ರೆವ್ವನದು ಕೆಚ್ಚುವ ಕೆಲಸ. ಮಗ್ಗದಲ್ಲಿ ಉದ್ದಕ್ಕೆ ಹಾಸಿದ ಎಳೆಗಳೇ ಹಾಸು; ಮುಗಿಯುತ್ತ ಬಂದ ಹಾಸಿನ ಒಂದೊಂದು ಎಳೆಗೂ ಹೊಸ ಹಾಸಿನ ಎಳೆಯನ್ನು ಬೆರಳಲ್ಲೇ ಹೊಸೆದು ಕೂಡಿಸಬೇಕು. ಮೂರು ಸಾವಿರಕ್ಕೂ ಮಿಕ್ಕಿದ ಎಳೆಗಳು. ಬೆರಳು ಜಾರದಿರಲೆಂದು ಬೂದಿ ಹಚ್ಚಿಕೊಳ್ಳುವಾಗ ಒಂದು ಚಿಟಿಕೆ ಹಣೆಗೂ ಇಟ್ಟು, ‘ಶಿವಾ’ ಎಂದು ಕೆಲಸಕ್ಕೆ ಕೂರುತ್ತಾಳೆ. ಇಪ್ಪತ್ತೆರಡು ವರ್ಷದಲ್ಲಿ ಆಕೆಯ ಕೈಯಲ್ಲಿ ಎಳೆ ಅದಲುಬದಲಾಯಿತೆಂದು ಯಾರೂ ಅಂದಿಲ್ಲ.

ಈ ಬೇಸಿಗೆಯಲ್ಲಿ ಮಾಲೀಕ ಬಸಗೊಂಡಪ್ಪ ತನ್ನ ಹಳೆಯ ಶೆಡ್ಡಿಗೆ ಕರೆಂಟ್ ಉಳಿಸುವ ಯಂತ್ರ ಹಾಕಿಸಿದ. ಯಾವ ಮಗ್ಗ ಎಷ್ಟು ಕರೆಂಟ್ ತಿನ್ನುತ್ತದೆಂದು ಮೊಬೈಲಿನಲ್ಲೇ ಕಾಣುತ್ತದೆ. ಕೆಳಗೆ ಯಾರೂ ಅಲ್ಲಾಡದಿದ್ದರೆ ಐದು ನಿಮಿಷಕ್ಕೆ ದೀಪ ತಾನೇ ಆರುತ್ತದೆ. ಹಳೆಯ ಸ್ವಿಚ್ಚುಗಳನ್ನು ಕಿತ್ತು ತಗಡು ಬಡಿದಿದ್ದರು. ನೇಯುವವರಿಗೆ ತೊಂದರೆಯಾಗಲಿಲ್ಲ. ಆದರೆ ಕೆಚ್ಚುವವಳು ಅಲ್ಲಾಡಿಸುವುದು ಬೆರಳ ತುದಿಗಳನ್ನು ಮಾತ್ರ.

ಕಿಟಕಿಯಿಲ್ಲದ ಮೂಲೆಯ ನಾಲ್ಕನೇ ಮಗ್ಗದಲ್ಲಿ ಮತ್ತೆ ಕತ್ತಲಾಯಿತು. ಸಾವಿತ್ರೆವ್ವ ಸ್ವಲ್ಪ ಹೊತ್ತು ಅಂದಾಜಿನಲ್ಲೇ ಹೊಸೆದು, ಕೊನೆಗೆ ಎಳೆ ಬಿಟ್ಟು ಕೈ ಬೀಸಿದಳು.

‘ಅಕ್ಕಾ, ಕಾಗಿ ಓಡಸಾಕತ್ತೀಯೇನಬೇ?’ ಪಕ್ಕದ ಮಗ್ಗದ ಇಂದ್ರವ್ವ ನಕ್ಕಳು.

‘ನಗಬ್ಯಾಡಬೇ. ಜೀವಂತ ಅದೀನಂತ ಗ್ವಾಡಿಗೆ ಕೈ ಮಾಡಿ ಹೇಳಬೇಕಾಗೇತಿ.’

ದೀಪ ಬಂದಾಗ ನೋಡಿದರೆ, ದಡಿಯ ಕೆಂಪು ಎಳೆಗೆ ಕರಿ ಎಳೆ ಕೂಡಿತ್ತು. ಒಂದಲ್ಲ, ಎಂಟು. ಹರಿದು ಮತ್ತೆ ಹೊಸೆಯತೊಡಗಿದಳು. ಮತ್ತೆ ಕತ್ತಲು. ಯಂತ್ರ ಕೂಡಿಸಿದ ಮಲ್ಲಿನಾಥನಿಗೆ ಫೋನ್ ಹಚ್ಚಿಸಿದಳು.

‘ಅದರ ಟೈಮ್ ಕಂಪನ್ಯಾವ್ರ ಬದಲ್ ಮಾಡಬೇಕ್ರೀ. ಸೋಮವಾರ ಬಂದು ನೋಡ್ತೇನಿ.’

ಅಂದು ಗುರುವಾರ.

ಮಧ್ಯಾಹ್ನ ಬಸಗೊಂಡಪ್ಪ ಮೊಬೈಲ್ ಹಿಡಿದು ಬಂದ. ‘ನೋಡಬೇ ಸಾವಿತ್ರೆವ್ವ, ನಿನ್ನ ಮಗ್ಗ ಇವತ್ತ ಒಂದನೇ ನಂಬರ! ಎಲ್ಲಾಕಿಂತ ಕಡಿಮಿ ಕರೆಂಟ್.’

‘ನಿಂತ ಮಗ್ಗ ಐತ್ರಿ ಸಾವಕಾರ್ರ, ಏನ್ ತಿಂತೈತಿ? ನಿನ್ನೆ ಮುಗೀಬೇಕಾಗಿದ್ದ ಹಾಸು ಇನ್ನ ಅರ್ಧಾ ಸೈತ ಆಗಿಲ್ಲ.’

‘ನಡುನಡುವ ಕೈ ಬೀಸು.’

‘ಎರಡೂ ಕೈಯಾಗ ಎಳಿ ಅದಾವು. ಯಾವ ಕೈ ಬೀಸ್ಲಿ?’

ಬಸಗೊಂಡಪ್ಪ ಮೊಬೈಲ್ ನೋಡಿದ, ದೀಪ ನೋಡಿದ. ‘ಸೋಮವಾರದ ತನಕ ಹೆಂಗರ ಸುಧಾರಿಸು.’

ಅರ್ಧ ಕೆಚ್ಚಿದ ಹಾಸನ್ನು ಸಾವಿತ್ರೆವ್ವ ಎಂದೂ ಬಿಟ್ಟು ಎದ್ದವಳಲ್ಲ. ಆದರೆ ತಪ್ಪು ಕೆಚ್ಚಿ ಕೊಡುವುದು ಅದಕ್ಕಿಂತ ಕೆಟ್ಟದ್ದು. ಉಳಿದ ಎಳೆಗಳನ್ನು ಸಿಕ್ಕಾಗದಂತೆ ಒಟ್ಟಿಗೆ ಗಂಟು ಕಟ್ಟಿಟ್ಟು, ಕೈ ಒರೆಸಿಕೊಂಡಳು.

‘ದೀಪ ನಿಮ್ಮ ಮಾತ ಕೇಳಾಕ ಹತ್ತಿದ ದಿನ ಹೇಳಿ ಕಳಸ್ರಿ, ಬರ್ತೇನಿ.’

ಸೋಮವಾರ ಮಲ್ಲಿನಾಥ ಬರಲಿಲ್ಲ. ಬಸಗೊಂಡಪ್ಪನ ಮೊಬೈಲಿನಲ್ಲಿ ನಾಲ್ಕನೇ ಮಗ್ಗ ಇನ್ನೂ ಒಂದನೇ ನಂಬರಿನಲ್ಲೇ ಇತ್ತು.