ಸ್ಟಾರ್ವ್ಡ್ ಅಂದರೆ ಹಸಿವಲ್ಲ

ಧಾರವಾಡ ಬಿಟ್ಟು ಬಂದು, ಕೆನಡಾದಲ್ಲಿ ಎಂಜಿನಿಯರನಾಗಿ ಇಂಗ್ಲಿಷಿನಲ್ಲೇ ಅನ್ನ ದುಡಿದು ನಿವೃತ್ತನಾದವನಿಗೆ ಇಂಗ್ಲಿಷ್ ಬರುತ್ತದೆ ಎಂಬ ಭ್ರಮೆ ಇರುವುದು ಸಹಜ. ನನ್ನ ಭ್ರಮೆ ಹರಿದದ್ದು ಈ ಜನವರಿಯ ಒಂದು ಬೆಳಿಗ್ಗೆ.

ಎರಿನ್ ಮಿಲ್ಸ್ ಬಡಾವಣೆಯ ನಮ್ಮ ಪಕ್ಕದ ಮನೆಯ ಡೊರೊತಿ ಫೋನ್ ಮಾಡಿದರು. ಉತ್ತರ ಇಂಗ್ಲೆಂಡಿನ ಲ್ಯಾಂಕಶೈರಿನವರು, ಎಂಬತ್ತು ದಾಟಿದವರು, ಎಲ್ಲರನ್ನೂ 'ಲವ್' ಎಂದೇ ಕರೆಯುವವರು. ಜೊತೆಗಿರುವ ಮಗ ಪೀಟರ್ ಕೆಲಸದ ಮೇಲೆ ವ್ಯಾಂಕೂವರಿಗೆ ಹೋಗಿದ್ದ.

"ಐ ಆಮ್ ಸ್ಟಾರ್ವ್ಡ್, ಲವ್," ಎಂದು ನಡುಗುವ ದನಿಯಲ್ಲಿ ಹೇಳಿ ಫೋನಿಟ್ಟುಬಿಟ್ಟರು.

ಕೆನಡಾದಲ್ಲಿ, ಅದೂ ನಮ್ಮ ಗೋಡೆಯಾಚೆ, ಉಪವಾಸವೇ? ಹೆಂಡತಿ ಶಾರದಾ ಬಾಯಿ ಮೇಲೆ ಕೈಯಿಟ್ಟಳು. "ಅಯ್ಯ ಶಿವನ! ತಾಯಿಗೆ ಊಟಕ್ಕ ಇಟ್ಟು ಹೋಗಿಲ್ಲೇನ್ರೀ ಆಂವ? ಮೊನ್ನೆ ನಮ್ಮ ಡ್ರೈವ್‌ವೇದಾಗಿನ ಸ್ನೋ ತಗದ ಅಂತ ಎಷ್ಟ ಹೊಗಳಿದ್ದೆ ನಾ!"

ಆಗಷ್ಟೇ ಇಳಿಸಿದ ಉಪ್ಪಿಟ್ಟನ್ನು ಸ್ಟೀಲ್ ಡಬ್ಬಿಗೆ ತುಂಬಿಕೊಂಡು ಇಬ್ಬರೂ ಓಡಿದೆವು.

ಬಾಗಿಲು ತೆರೆದರೆ ಒಳಗೂ ಕೊರೆಯುವ ಚಳಿ. ಡೊರೊತಿ ಓವರ್‌ಕೋಟು ತೊಟ್ಟು ನಿಂತಿದ್ದರು, ತುಟಿ ನೀಲಿಗಟ್ಟಿತ್ತು. ಶಾರದಾ ಕೊಟ್ಟ ಡಬ್ಬಿಯ ಮುಚ್ಚಳ ತೆಗೆಯದೆ, ಅದನ್ನೇ ಎದೆಗವಚಿಕೊಂಡು ಬಿಸಿ ಕಾಯಿಸಿಕೊಳ್ಳತೊಡಗಿದರು.

"ಫ್ರಿಜ್ಜಿನ ತುಂಬ ಮಗ ಮಾಡಿಟ್ಟ ಸೂಪಿದೆ. ಕೆಟ್ಟಿರುವುದು ಮನೆ ಬೆಚ್ಚಗಿಡುವ ಫರ್ನೆಸ್," ಎಂದರು ಇಂಗ್ಲಿಷಿನಲ್ಲಿ. "ನಮ್ಮೂರಲ್ಲಿ ಸ್ಟಾರ್ವ್ಡ್ ಅಂದರೆ ಚಳಿಯಪ್ಪಾ, ಹಸಿವಲ್ಲ."

ಪೀಟರನ ಮೇಲಿನ ಶಾರದಾಳ ಸಿಟ್ಟು ಅಲ್ಲೇ ಇಳಿಯಿತು. ಡೊರೊತಿಯನ್ನು ಡಬ್ಬಿಯ ಸಮೇತ ನಮ್ಮ ಮನೆಗೆ ಕರೆತಂದು ಕೌದಿ ಹೊದಿಸಿ ಕೂರಿಸಿದೆವು. ಫರ್ನೆಸ್ ರಿಪೇರಿಯವನಿಗೆ ಫೋನ್ ಮಾಡಿ, ನಾನು ನಿಘಂಟು ಬಿಚ್ಚಿದೆ. ಬೇರೆಯವರಾಗಿದ್ದರೆ ಮೊದಲು ಚಹಾಕ್ಕಿಡುತ್ತಿದ್ದರು.

ಆ ಪದದ ಹಳೆಯ ಅರ್ಥ ಬರೀ 'ಸಾಯುವುದು'. ಜರ್ಮನ್ನರು ಇಂದಿಗೂ ಸಾಯುವುದಕ್ಕೆ 'ಸ್ಟೆರ್ಬೆನ್' ಎನ್ನುತ್ತಾರೆ. ಕಾಲಾಂತರದಲ್ಲಿ ಇಂಗ್ಲಿಷಿನವರು ಆ ಸಾವನ್ನು ಹಸಿವಿಗೆ ಒಪ್ಪಿಸಿದರು. ಉತ್ತರದ ಕೆಲವರು ಚಳಿಗೂ ಉಳಿಸಿಕೊಂಡರು. ನಾವೂ 'ಹಸಿದು ಸತ್ತೆ', 'ಥಂಡಿಗೆ ಸತ್ತೆ' ಎನ್ನುತ್ತೇವೆ, ಆದರೆ ಯಾತರಿಂದ ಎಂದು ಹೇಳಿ ಸಾಯುತ್ತೇವೆ. ನಾವು ಸಂಜೆಯವರೆಗೆ ತಡಮಾಡಿದ್ದರೆ ಆ ಪದ ತನ್ನ ಮೂಲಾರ್ಥಕ್ಕೇ ಮರಳುತ್ತಿತ್ತು.

"ಹಾಗಾದರೆ ಹಸಿವಿಗೆ ಏನನ್ನುತ್ತೀರಿ?" ಎಂದು ಕೇಳಿದೆ.

"ಕ್ಲೆಮ್ಡ್. ಹೊಟ್ಟೆಯನ್ನು ಯಾರೋ ಹಿಂಡಿದ ಹಾಗೆ," ಎಂದ ಡೊರೊತಿ, ಕೌದಿಯೊಳಗಿಂದ ಕೈ ಹೊರತೆಗೆದು ಡಬ್ಬಿಯ ಮುಚ್ಚಳ ತಟ್ಟಿದರು. "ಈಗ ಅದೂ ಆಗಿದ್ದೇನೆ."

ಶಾರದಾಳಿಗೆ ಅರ್ಥ ಬಿಡಿಸಿ ಹೇಳೋಣವೆಂದು ತಿರುಗಿದೆ. ಆಕೆ ಆಗಲೇ ತಟ್ಟೆ ತರಲು ಹೋಗಿದ್ದಳು.